ಕ್ಯಾಮೆರಾಗೆ ಬೆನ್ನು

ಜೂನ್ ೧, ಭಾನುವಾರ

ಹತ್ತು ಗಂಟೆಗೆ ಬಾಲ್ಕನಿಗೆ ಹೋಗಿ ಕೈ ಬೀಸಿ ಬಂದೆ. ಪ್ರತಿ ಭಾನುವಾರದ ಕೆಲಸ. ಒಂದು ಕಾಲದಲ್ಲಿ ಗೇಟಿನಾಚೆ ರಸ್ತೆಯೇ ಕಾಣುತ್ತಿರಲಿಲ್ಲ, ಬರೀ ತಲೆಗಳು. ಪೊಲೀಸರು ಬಂದು ಬಸ್ಸುಗಳನ್ನು ಬೇರೆ ದಾರಿಗೆ ತಿರುಗಿಸುತ್ತಿದ್ದರು. ಇವತ್ತು ರಸ್ತೆ ಪೂರ್ತಿ ಕಾಣುತ್ತಿತ್ತು, ರಸ್ತೆಯಾಚೆಯ ಬೇಕರಿಯ ಬೋರ್ಡನ್ನೂ ಓದಬಹುದಿತ್ತು. ಪಕ್ಕದಲ್ಲಿ ನಿಂತಿದ್ದ ಭಾವಮೈದ, "ಒಳ್ಳೆ ಜನ ಸೇರಿದಾರೆ ಭಾವ ಇವತ್ತು" ಅಂದ. ಅವನು ನನ್ನ ಹೆಂಡತಿಯ ತಮ್ಮ. ನನ್ನ ಡೇಟು, ಕರಾರು, ಪೋಸ್ಟರಿನಲ್ಲಿ ನನ್ನ ಮುಖದ ಅಳತೆ ಎಲ್ಲ ನೋಡಿಕೊಳ್ಳುವವನು. ಬೇಕರಿ ಮುಂದೆ ನಿಂತವರನ್ನೂ ನಮ್ಮ ಲೆಕ್ಕಕ್ಕೇ ಹಾಕಿಕೊಂಡಿದ್ದ. ಅವರು ಬ್ರೆಡ್ಡಿಗೆ ಬಂದವರು ಕಣೋ ಅನ್ನಬೇಕೆನಿಸಿತು. ಅಷ್ಟರಲ್ಲಿ ಅವರಲ್ಲೊಬ್ಬ ತಿರುಗಿ, ಚೀಲ ಹಿಡಿದ ಕೈಯನ್ನೇ ಎತ್ತಿ ಬೀಸಿದ. ಪುಣ್ಯಾತ್ಮ.

ಜನ ನನ್ನನ್ನು ದೊರೆ ಅನ್ನುತ್ತಾರೆ. ನಲವತ್ತು ವರ್ಷದ ಹಿಂದೆ ಯಾವುದೋ ಸಿನಿಮಾದಲ್ಲಿ ಕಿರೀಟ ಹಾಕಿಕೊಂಡಿದ್ದೆ. ಸಿನಿಮಾ ಇಳಿಯಿತು, ಕಿರೀಟ ಇಳಿಯಲಿಲ್ಲ. ಈಗ ಸಾಲಾಗಿ ಮೂರು ಸಿನಿಮಾ ಮಕಾಡೆ ಮಲಗಿವೆ. ಬೆಳಗಿನಿಂದ ಒಂದು ಕಡೆ ಕೂರಲು ಆಗುತ್ತಿಲ್ಲ. ಹಾಲಿನಿಂದ ಊಟದ ಕೋಣೆಗೆ, ಅಲ್ಲಿಂದ ಮತ್ತೆ ಹಾಲಿಗೆ. "ಬಾಲ ಸುಟ್ಟ ಬೆಕ್ಕಿನ ಹಾಗೆ ಯಾಕೆ ಸುತ್ತಾಡ್ತೀರಾ, ಒಂದ್ಕಡೆ ಕೂತ್ಕೊಳ್ಳಿ ರೀ" ಅಂದಳು ಇವಳು. ಅದಕ್ಕೇ ಈ ಪುಸ್ತಕ ಹಿಡಿದೆ. ಬರೆಯುವಾಗಲಾದರೂ ಕೂರಬೇಕಲ್ಲ.

ನಾಡಿದ್ದಿನಿಂದ ಹೊಸ ಸಿನಿಮಾ. ಕುದುರೆ ಇಲ್ಲ, ಹೊಡೆದಾಟ ಇಲ್ಲ, ಹಾಡೂ ಇಲ್ಲ. ನಾನೊಬ್ಬ ಮುದಿ ದರ್ಜಿ. ನಿರ್ದೇಶಕಿಯ ವಯಸ್ಸು ನನ್ನ ಹಳೇ ಬೂಟಿಗಿಂತ ಕಡಿಮೆ ಇರಬೇಕು. ಭಾವಮೈದನಿಗೆ ಇಷ್ಟವಿಲ್ಲ. "ದೊರೆ ಕೈಲಿ ಕತ್ತಿ ಇರ್ಬೇಕು ಭಾವ, ಕತ್ತರಿ ಅಲ್ಲ" ಅಂದ. ಬೇರೆ ಯಾರೂ ಕರೆಯಲಿಲ್ಲ ಅನ್ನುವುದನ್ನು ಅವನೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಇದೂ ಮಲಗಿದರೆ ನನ್ನನ್ನು ಮತ್ತೆ ಕೇಳುವವರಿಲ್ಲ.

ಜೂನ್ ೩, ಮಂಗಳವಾರ

ಗಿಳಿರಾಯನನ್ನು ಸೆಟ್ಟಿನಿಂದ ಹೊರಗೆ ಕಳಿಸಿಬಿಟ್ಟರು!

ಇಪ್ಪತ್ತೈದು ವರ್ಷದಿಂದ ನನ್ನ ಜೊತೆ ಇರುವವನು. ನಾನು ಮಾತು ಬಾಯಿಪಾಠ ಮಾಡಿದವನೇ ಅಲ್ಲ. ಕ್ಯಾಮೆರಾ ಪಕ್ಕ ನಿಂತು ಅವನು ಸಾಲು ಎತ್ತಿಕೊಡುತ್ತಾನೆ, ನಾನು ಕೇಳಿಸಿಕೊಂಡು ಹೇಳುತ್ತೇನೆ. ಅವನ ದನಿ ನಡುವೆ ಬಂದರೆ ಬರಲಿ, ಹೇಗೂ ಆಮೇಲೆ ಡಬ್ಬಿಂಗ್ ಕೋಣೆಯಲ್ಲಿ ಕೂತು ಎಲ್ಲವನ್ನೂ ಹೊಸದಾಗಿ ಹೇಳುವುದಿತ್ತು. ನಾವೆಲ್ಲ ಹಾಗೇ ಮಾಡಿಕೊಂಡು ಬಂದದ್ದು. ಈ ಹುಡುಗಿ ಡಬ್ಬಿಂಗೇ ಇಲ್ಲ ಅನ್ನುತ್ತಾಳೆ. ಸೆಟ್ಟಿನಲ್ಲಿ ಆಡಿದ ಮಾತೇ ಸಿನಿಮಾಕ್ಕೆ.

ಮೊದಲ ಶಾಟಿಗೇ ಸೌಂಡಿನವನು ಕಿವಿಯಿಂದ ಹೆಡ್‌ಫೋನ್ ತೆಗೆದು, "ಯಾರೋ ಪಿಸುಗುಡ್ತಾ ಇದಾರೆ" ಅಂದ.

"ನಾನು ಮಾತಾಡ್ಲಿಲ್ಲ ಸ್ವಾಮಿ. ತುಟಿ ಆಡಿಸಿದ್ದು ಅಷ್ಟೇ" ಅಂದ ಗಿಳಿರಾಯ.

"ನಿಮ್ಮ ತುಟಿನೂ ಕೇಳಿಸ್ತಿದೆ ಸರ್."

ನಿರ್ದೇಶಕಿ ಅವನಿಗೆ ಬಹಳ ಮರ್ಯಾದೆಯಿಂದಲೇ ಹೊರಗೆ ಕುರ್ಚಿ ಹಾಕಿಸಿಕೊಟ್ಟಳು. ಮರ್ಯಾದೆಯಿಂದ ಹೊರಗೆ ಹಾಕಿಸಿಕೊಳ್ಳುವುದು ಕತ್ತು ಹಿಡಿದು ದಬ್ಬಿಸಿಕೊಳ್ಳುವುದಕ್ಕಿಂತ ಕಷ್ಟ. ಆಮೇಲೆ ನಾನು ಮೊದಲ ಸಾಲು ಹೇಳಿದೆ. ಎರಡನೆಯದಕ್ಕೆ ಕತ್ತು ತಾನಾಗಿಯೇ ಗಿಳಿರಾಯ ನಿಲ್ಲುತ್ತಿದ್ದ ಕಡೆಗೆ ತಿರುಗಿತು. ಅಲ್ಲಿ ಒಂದು ಬಕೆಟ್ಟಿತ್ತು. ಬಕೆಟ್ಟನ್ನೇ ನೋಡುತ್ತಾ ಕಾದೆ. ಇಡೀ ಸೆಟ್ಟು ಉಸಿರು ಹಿಡಿದು ನಿಂತಿತ್ತು. ಆ ಮೌನದಲ್ಲಿ ನನ್ನ ಹೊಟ್ಟೆ ಗುಡುಗುಟ್ಟಿದ್ದು ಮಾತ್ರ ಸ್ಪಷ್ಟವಾಗಿ ರೆಕಾರ್ಡ್ ಆಯಿತಂತೆ.

ಸಂಜೆ ನಿರ್ದೇಶಕಿ ಬಂದು ಪಕ್ಕ ಕೂತಳು. "ಸರ್, ಚಿಕ್ಕಪುಟ್ಟ ಸೀನ್ ಹೇಗೋ ಮಾಡ್ಬಹುದು. ಹತ್ತೊಂಬತ್ತನೇ ತಾರೀಖು ಅಕ್ಕನ ಸೀನಿದೆಯಲ್ಲ, ಅದು ನಾಲ್ಕು ಪುಟ. ತುಂಡು ಮಾಡಿ ತೆಗೆಯೋಕಾಗಲ್ಲ. ಅದು ಬಂದ್ರೆ ಸಿನಿಮಾ ಬಂತು, ಇಲ್ಲಾಂದ್ರೆ ಇಲ್ಲ."

ದರ್ಜಿಯ ಅಕ್ಕ ಜೀವನವೆಲ್ಲ ಅವನ ಜೊತೆ ಅಂಗಡಿಯಲ್ಲಿ ಕೂತು ಹೊಲಿದವಳು. ಅರವತ್ತು ದಾಟಿದ ಮೇಲೆ ಇನ್ನು ನಾನು ಬೇರೆ ಇರುತ್ತೇನೆ ಅಂತ ಗಂಟುಮೂಟೆ ಕಟ್ಟುತ್ತಾಳೆ. ತಮ್ಮ ಅವಳನ್ನು ಕಳಿಸಿಕೊಡಬೇಕು. ಸೀನು ಇಷ್ಟೇ. ಕತ್ತಿ ಹಿಡಿದು ನೂರು ಜನರನ್ನು ಕಳಿಸಿದವನು ನಾನು. ಒಬ್ಬ ಅಕ್ಕನನ್ನು ಕಳಿಸಲು ನಾಲ್ಕು ಪುಟವಂತೆ.

ಜೂನ್ ೪, ಬುಧವಾರ

ಇವತ್ತೂ ಅದೇ ಹಾಡು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಲೈಟು ಕಣ್ಣಿಗೆ ಹೊಡೆಯುತ್ತಿದೆ ಅಂದೆ. ಲೈಟಿನವನು ಲೈಟು ತಿರುಗಿಸಿದ. ಆಮೇಲೂ ಮರೆತೆ.

ಜೂನ್ ೫, ಗುರುವಾರ

ರಜೆ. ನಾಲ್ಕು ಪುಟ ಹಿಡಿದು ಮನೆಯೆಲ್ಲ ಸುತ್ತಿದೆ. ಒಂದು ಸಾಲು ಒಳಗೆ ಹೋಗುವಷ್ಟರಲ್ಲಿ ಹಿಂದಿನದು ಹೊರಗೆ ಬೀಳುತ್ತಿತ್ತು.

ಇವಳು ಊಟದ ಮೇಜಿನ ಮೇಲೆ ಬಟಾಣಿ ಬಿಡಿಸುತ್ತಾ ಕೂತಿದ್ದಳು. "ಎಲ್ಲಿ, ಕೊಡಿ. ಅಕ್ಕನ ಮಾತು ನಾನು ಓದ್ತೀನಿ, ನಿಮ್ಮದು ನೀವು ಹೇಳಿ" ಅಂದಳು. ಇವಳೂ ಒಂದು ಕಾಲಕ್ಕೆ ಬಣ್ಣ ಹಚ್ಚಿದವಳೇ. ನಾಲ್ಕೈದು ಸಿನಿಮಾ ಮಾಡಿದ್ದಳು. ಅದರಲ್ಲಿ ಒಂದು ನನ್ನ ಜೊತೆ. ಆ ಸಿನಿಮಾದಲ್ಲೂ ನಮಗೆ ಮದುವೆಯಾಯಿತು, ಹೊರಗೂ ಆಯಿತು.

ಓದಿದಳು. ನಾನು ಅಲ್ಲಲ್ಲಿ ಮುಗ್ಗರಿಸಿದೆ. ಅರ್ಧ ಪುಟವಾಗುವಷ್ಟರಲ್ಲಿ ಕಾಗದ ಕೆಳಗಿಟ್ಟಳು.

"ರೀ, ನಾನು ಮಾತಾಡುವಾಗ ನಿಮ್ಮ ಕಣ್ಣು ಎಲ್ಲಿರತ್ತೆ?"

"ನನ್ನ ಮುಂದಿನ ಸಾಲು ಹುಡುಕ್ತಾ ಇರ್ತೀನಿ."

"ಬರೀ ಈ ಕಾಗದಕ್ಕಲ್ಲ ನಾನು ಹೇಳ್ತಿರೋದು. ಮದುವೆ ಆದಾಗಿಂದ ಹೀಗೇ. ನಾನು ಏನಾದ್ರೂ ಕೇಳಿದ್ರೆ ಪಕ್ಕಕ್ಕೆ ತಿರುಗ್ತೀರಾ. ಅಲ್ಲಿ ಯಾರೋ ನಿಂತು ಉತ್ತರ ಎತ್ತಿಕೊಡ್ತಾರೆ ಅನ್ನೋ ಹಾಗೆ."

ಸಿಟ್ಟು ಬಂತು. ಎದ್ದು ಹೋಗಿ ಕಾಫಿ ಕುಡಿದೆ. ಆಮೇಲೆ ಬೇರೆ ದಾರಿಯಿಲ್ಲದೆ ಬಂದು ಕೂತೆ. ಒಂದು ಪುಟ ಬಂತು.

ಜೂನ್ ೭, ಶನಿವಾರ

ಎರಡೂವರೆ ಪುಟ ಬಾಯಿಗೆ ಬಂದಿದೆ! ಈ ವಯಸ್ಸಿನಲ್ಲಿ! ಭಾವಮೈದನಿಗೆ ಒಂದೇ ಉಸಿರಿಗೆ ಒಪ್ಪಿಸಿದೆ. "ಭಾವ, ಇದ್ರಲ್ಲಿ ಒಂದು ಕಡೆನಾದ್ರೂ ನೀವು ಜೋರಾಗಿ ಕೂಗೋದಿಲ್ವಾ?" ಅಂದ.

ಮೊದಲ ದಿನ ಬಟಾಣಿ ಬಿಡಿಸುತ್ತಾ ಓದಿದವಳು ಈಗ ಬಾಗಿಲು ಹಾಕಿಕೊಂಡು, ಎದ್ದು ನಿಂತು ಓದುತ್ತಾಳೆ. ಓದುತ್ತಾಳೆ ಅಂದರೆ ತಪ್ಪು, ಕಾಗದ ನನ್ನ ಕೈಯಲ್ಲಿರುತ್ತದೆ. ಸಂಜೆ ಓದಿಸುತ್ತಿದ್ದಾಗ ನಿರ್ದೇಶಕಿ ಹೇಳದೆ ಕೇಳದೆ ಬಾಗಿಲು ಸರಿಸಿಕೊಂಡು ಬಂದು ನಿಂತಿದ್ದಳು. ನಾವು ನೋಡಲಿಲ್ಲ. ಮುಗಿದ ಮೇಲೆ ನನಗೆ "ಬರ್ತಾ ಇದೆ ಸರ್" ಅಂದಳು. ಇವಳಿಗೆ ಏನೂ ಅನ್ನಲಿಲ್ಲ, ಸುಮ್ಮನೆ ನೋಡಿದಳು. ಇವಳು ಕಳ್ಳತನ ಮಾಡಿ ಸಿಕ್ಕಿಬಿದ್ದವಳ ಹಾಗೆ ಕಾಫಿ ಮಾಡಲು ಓಡಿದಳು.

ಜೂನ್ ೮, ಭಾನುವಾರ

ಬಾಲ್ಕನಿ ಮುಗಿಸಿ ಬರುವಷ್ಟರಲ್ಲಿ ನಿರ್ದೇಶಕಿಯ ಫೋನು. ಅಕ್ಕನ ಪಾತ್ರಕ್ಕೆ ಒಪ್ಪಿಕೊಂಡಿದ್ದ ಹಿರಿಯ ನಟಿ ಮೆಟ್ಟಿಲಲ್ಲಿ ಜಾರಿ ಕಾಲು ಮುರಿದುಕೊಂಡಿದ್ದಾರೆ.

"ಸರ್, ಮೇಡಂ ಮಾಡ್ತಾರಾ? ನಾನೇ ಕೇಳ್ಬಹುದಿತ್ತು. ಆದ್ರೆ ಇಬ್ಬರೂ ಒಂದೇ ಸೀನಲ್ಲಿರ್ತೀರಾ, ಮೊದಲು ನಿಮಗೆ ಸರಿ ಅನ್ನಿಸ್ಬೇಕು. ನೀವೇ ಅವರನ್ನ ಕೇಳಿ ಹೇಳಿ. ಶುಕ್ರವಾರದ ತನಕ ಕಾಯ್ತೀನಿ."

ನಕ್ಕುಬಿಟ್ಟೆ. "ಅಲ್ಲಮ್ಮಾ, ಹೆಂಡ್ತಿ ಅಕ್ಕ ಆಗೋದು ಹೇಗೆ? ನನಗಿಂತ ಎಂಟು ವರ್ಷ ಚಿಕ್ಕವಳು."

"ಬಣ್ಣ ಇರೋದು ಯಾಕೆ ಸರ್?"

ಒಳಗಿಂದ ಇವಳು "ಯಾರ್ರೀ ಅದು ಫೋನು?" ಅಂದಳು. "ಯಾವುದೋ ಭಾಷಣಕ್ಕೆ ಕರೀತಿದಾರೆ" ಅಂದೆ. ಯಾಕೆ ಹಾಗಂದೆನೋ!

ಗಂಡನಿಗೇ ಅಕ್ಕನಾದಳು ಅಂತ ಜನ ನಗುತ್ತಾರೆ. ಇಷ್ಟು ವರ್ಷದ ಮೇಲೆ ಅಷ್ಟು ಲೈಟಿನ ಮುಂದೆ ನಿಲ್ಲುವುದು ಇವಳಿಗೆ ಕಷ್ಟವಾಗುತ್ತದೆ. ದಿನವಿಡೀ ಸೆಟ್ಟಿನಲ್ಲಿದ್ದರೆ ಮನೆ ಯಾರು ನೋಡುತ್ತಾರೆ? ಇಷ್ಟೆಲ್ಲ ಬರೆದು ಓದಿ ನೋಡಿದೆ, ಒಂದೂ ನಿಜವಲ್ಲ. ನಿಜ ಏನೆಂದರೆ, ನಿನ್ನೆ ಆ ಹುಡುಗಿ ಇವಳನ್ನು ನೋಡಿದ ಹಾಗೆ ನನ್ನನ್ನು ನೋಡಲಿಲ್ಲ. ನನಗೆ ಹೊಟ್ಟೆ ಉರಿಯಿತು.

ನಾಳೆ ಹೇಳಿದರಾಯಿತು.

ಜೂನ್ ೧೦, ಮಂಗಳವಾರ

ಹೇಳಲಿಲ್ಲ. ಬೆಳಿಗ್ಗೆ ತಿಂಡಿಗೆ ಕೂತಾಗ ಇವಳೇ ಕೇಳಿದಳು. "ಆ ಕಾಲು ಮುರಿದವರ ಬದಲು ಯಾರು ಬರ್ತಾರಂತೆ?" ತಮ್ಮನಿಂದ ವಿಷಯ ಗೊತ್ತಾಗಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ, ನಾನು ಕಾಫಿ ಚೆಲ್ಲಿಕೊಂಡೆ. "ನೋಡ್ತಾ ಇದಾರೆ" ಅಂತ ಅಡ್ಡಗೋಡೆ ಮೇಲೆ ದೀಪ ಇಟ್ಟೆ.

"ಯಾರೇ ಬರ್ಲಿ, ಆ 'ನನ್ನ ಕತ್ತರಿ ಎಲ್ಲಿ' ಅನ್ನೋ ಸಾಲನ್ನ ಜೋರಾಗಿ ಹೇಳ್ಬಾರದು ಅಂತ ಹೇಳಿ ಅವರಿಗೆ" ಅಂದಳು, ಮೇಜು ಒರೆಸುತ್ತಾ. "ಅವಳಿಗೆ ಕತ್ತರಿ ಬೇಕಾಗಿಲ್ಲ. ಹೊರಡೋದು ಸ್ವಲ್ಪ ತಡ ಆಗ್ಲಿ ಅಂತ ಹುಡುಕ್ತಾಳೆ ಅಷ್ಟೇ."

ನಿರ್ದೇಶಕಿಯ ಫೋನು ಎರಡು ಸಲ ಬಂತು. "ಮಂಡಿ ನೋವಮ್ಮ ಅವಳಿಗೆ, ಯೋಚನೆ ಮಾಡ್ತಿದಾಳೆ" ಅಂದೆ. ಸುಳ್ಳು ಇಷ್ಟು ಸಲೀಸಾಗಿ ಬಾಯಿಗೆ ಬರುತ್ತದೆ, ಬಾಯಿಪಾಠವೇ ಬೇಡ. ಬೇರೆಯವಳು ಬಂದರೆ ನನಗೆ ಒಂದು ಸಾಲೂ ಬಾರದು. ಇವಳು ಬಂದರೆ ಒಬ್ಬರ ಕಣ್ಣೂ ನನ್ನ ಮೇಲೆ ಬೀಳದು. ಎತ್ತ ಹೋದರೂ ಗುಂಡಿ.

ಜೂನ್ ೧೧, ಬುಧವಾರ

ಸೆಟ್ಟಿಗೆ ಹೋಗಿದ್ದೆ. ಗಿರಾಕಿಯೊಬ್ಬನ ಅಳತೆ ತೆಗೆಯುವ ಸೀನು ನಿಲ್ಲದೆ ಬಂತು. ಗಿರಾಕಿಯಾದವನು ನಾಟಕದವನು, ಕುತ್ತಿಗೆ ಅಳೆಯುವಾಗ ಉಗುಳು ನುಂಗುತ್ತಾನೆ, ಅದು ಚೆನ್ನಾಗಿದೆ. ಲೈಟಿನವನಿಗೆ ನೆಗಡಿ. ಟೇಕ್ ನಡೆಯುವಾಗ ಸೀನಿಬಿಟ್ಟೇನು ಅಂತ ಮೂಗು ಹಿಡಿದು ನಿಂತಿದ್ದ, ಕಣ್ಣು ಕೆಂಪಗಾಗಿತ್ತು. ಮೊದಲು ಇಂಥವೆಲ್ಲ ನನಗೆ ಕಾಣುತ್ತಲೇ ಇರಲಿಲ್ಲ. ಈಗ ಎಲ್ಲ ಕಂಡು ಗಮನ ಕೆಡುತ್ತದೆ.

ಇವಳಿಗೆ ಇನ್ನೂ ಹೇಳಿಲ್ಲ.

ಜೂನ್ ೧೨, ಗುರುವಾರ

ಸಂಜೆ ಓದಿ ಮುಗಿಸಿದ ಮೇಲೆ ಕೇಳಿದೆ. "ನೀನು ಯಾಕೆ ಬಿಟ್ಟೆ?"

"ಏನನ್ನ?"

"ಸಿನಿಮಾನ."

"ನಾನು ಬಿಟ್ಟೆ ಅಂತ ಯಾರು ಹೇಳಿದ್ದು ನಿಮಗೆ?" ಇವಳು ಕಿಟಕಿ ಹಾಕುತ್ತಿದ್ದಳು. "ಯಾರೂ ಬಿಡು ಅನ್ನಲಿಲ್ಲ. ಯಾರೂ ಮಾಡು ಅಂತಲೂ ಅನ್ನಲಿಲ್ಲ. ಒಂದಿನ ತಿರುಗಿ ನೋಡ್ದೆ, ನಿಂತುಹೋಗಿತ್ತು. ಒಲೆ ಹಚ್ಚೋದು ಮರೆತು ಹಾಲಿಟ್ಟ ಹಾಗೆ. ಉಕ್ಕಲೂ ಇಲ್ಲ, ಸೀಯಲೂ ಇಲ್ಲ."

ಹೇಳಿ ನಕ್ಕಳು. ಮಾತು ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಕತ್ತು ಪಕ್ಕಕ್ಕೆ ತಿರುಗಿತು. ಅಲ್ಲಿ ಗಿಳಿರಾಯ ಇರಲಿಲ್ಲ, ಗೋಡೆ ಇತ್ತು.

ಜೂನ್ ೧೩, ಶುಕ್ರವಾರ

ಹೇಳಿದೆ.

ಬೆಳಿಗ್ಗೆ ನಿರ್ದೇಶಕಿ ಫೋನ್ ಮಾಡಿ, "ಮೇಡಂಗೆ ಆಗಲ್ಲ ಅಂತ ತಿಳ್ಕೊಂಡು ಸಂಜೆ ಬೇರೆಯವರಿಗೆ ಹೇಳ್ಬಿಡ್ತೀನಿ ಸರ್" ಅಂದಿದ್ದಳು. ಸರಿ, ಪೀಡೆ ಕಳೆಯಿತು ಅಂದುಕೊಂಡೆ. ಆಮೇಲೆ ಓದಲು ಕೂತೆವು. ಮುಗಿದ ಮೇಲೆ ಇವಳು ನಾಲ್ಕು ಪುಟವನ್ನೂ ಮೇಜಿಗೆ ತಟ್ಟಿ ಅಂಚು ಸರಿಮಾಡಿ ನನ್ನ ಕೈಗೆ ಕೊಟ್ಟಳು. "ಅವರು ಬಂದ್ಮೇಲೆ ಅವರ ಜೊತೆನೇ ಓದ್ಕೊಳ್ಳಿ. ನನ್ನದೇ ಅಭ್ಯಾಸ ಆದ್ರೆ ಅವರ ಮುಂದೆ ಕಷ್ಟ ಆಗತ್ತೆ. ಚೆನ್ನಾಗಿತ್ತು ರೀ ಇಷ್ಟು ದಿನ" ಅಂದಳು.

ಊಟಕ್ಕೆ ಕೂತಾಗ, ಉಪ್ಪು ಕೊಡು ಅನ್ನುವ ಹಾಗೆ ಹೇಳಿಬಿಟ್ಟೆ. ಅಕ್ಕನ ಪಾತ್ರಕ್ಕೆ ನಿನ್ನನ್ನೇ ಕೇಳಿದ್ದಾರೆ ಅಂತ. ಒಂದು ಗಳಿಗೆ ಮುಖ ಅರಳಿತು. ಅಂಥ ಮುಖ ನೋಡಿ ಎಷ್ಟು ವರ್ಷವಾಗಿತ್ತೋ.

ಆಮೇಲೆ ಕೇಳಿದಳು. "ಯಾವತ್ತು ಕೇಳಿದ್ದು?"

"ಭಾನುವಾರ."

ಚಮಚ ಕೆಳಗಿಟ್ಟಳು. "ಇವತ್ತು ಶುಕ್ರವಾರ."

"ನಿನಗೆ ಮಂಡಿ ನೋವು ಇರತ್ತಲ್ಲ, ಅದಕ್ಕೇ ಯೋಚನೆ ಮಾಡ್ತಿದಾಳೆ ಅಂತ..."

"ನನಗೆ ಮಂಡಿ ನೋವು ಯಾವಾಗ ಬಂತು?"

ನಾನು ಕಲಸಿದ ಅನ್ನವನ್ನೇ ಮತ್ತೆ ಕಲಸತೊಡಗಿದೆ.

"ನಿಮಗೆ ಹೊಟ್ಟೆ ನೋವು" ಅಂದಳು. "ಅದನ್ನ ತಂದು ನನ್ನ ಮಂಡಿಗೆ ಯಾಕೆ ಹಾಕಿದ್ರಿ? ಐದು ದಿನ ದಿನಾ ನನ್ನ ಎದುರು ಕೂತು ಅಕ್ಕಾ ಅಕ್ಕಾ ಅಂದ್ರಲ್ಲ. ಒಂದಿನನಾದ್ರೂ ನಾಚಿಕೆ ಆಗ್ಲಿಲ್ವಾ?"

ನನ್ನ ಫೋನಿನಿಂದಲೇ ನಿರ್ದೇಶಕಿಗೆ ಫೋನ್ ಮಾಡಿದಳು. "ಮಾಡ್ತೀನಮ್ಮ. ನನ್ನ ಮಂಡಿ ಚೆನ್ನಾಗಿದೆ" ಅಂದಳು. ಆಮೇಲೆ ನನ್ನ ಕಡೆ ತಿರುಗಿದಳು. "ನಾನು ನಿಮಗೆ ಓದಿಸೋದು ಇವತ್ತಿಗೆ ಮುಗೀತು. ಇನ್ನು ಸೆಟ್ಟಲ್ಲೇ ಸಿಗೋಣ."

ತಟ್ಟೆಯಲ್ಲಿದ್ದದ್ದು ಹಾಗೇ ಉಳಿಯಿತು, ಇಬ್ಬರದೂ.

ಜೂನ್ ೧೫, ಭಾನುವಾರ

ಇವಳು ಪಕ್ಕದ ಕೋಣೆಗೆ ಹೋಗಿದ್ದಾಳೆ. ಊಟ ತಿಂಡಿಗೆ ಕರೆಯುತ್ತಾಳೆ, ಅಷ್ಟೇ. ನಾನೂ ಮಾತಾಡಿಸಲಿಲ್ಲ. ಮಾತಾಡಿಸಿದರೆ ಏನು ಹೇಳಬೇಕೋ ಗೊತ್ತಿಲ್ಲ.

ಗಿಳಿರಾಯನನ್ನು ಮನೆಗೆ ಕರೆಸಿ ಅಕ್ಕನ ಮಾತು ಓದು ಅಂದೆ. ಅವನು ಅಕ್ಕನ ಸಾಲು ಮುಗಿಸಿ, ಉಸಿರೂ ಬಿಡದೆ ನನ್ನ ಸಾಲನ್ನೂ ಹೇಳಿಬಿಡುತ್ತಾನೆ. "ನನ್ನದು ನಾನು ಹೇಳ್ತೀನಿ ಮಾರಾಯ, ನೀನು ಸುಮ್ನಿರು" ಅಂದರೆ "ಆಯ್ತಣ್ಣ" ಅಂದು ಮತ್ತೆ ಅದೇ. ಅವನೇನು ಮಾಡುತ್ತಾನೆ, ಹಾಗೆ ಮಾಡಿದ್ದು ನಾನೇ. ಈಗ ಬೇರೆ ಯಾವ ನಟನ ಹತ್ತಿರವೂ ಅವನಿಗೆ ಕೆಲಸವಿಲ್ಲವಂತೆ. ಕಾಫಿ ಕುಡಿಸಿ, ಅವನ ಮಗಳ ಓದು, ಅವನ ಬೆನ್ನುನೋವು ಎಲ್ಲ ಕೇಳಿ ಕಳಿಸಿದೆ. ಇಷ್ಟು ವರ್ಷದಲ್ಲಿ ಅವನು ತನ್ನ ಸ್ವಂತ ಮಾತು ನನ್ನ ಹತ್ತಿರ ಆಡಿದ್ದು ಇವತ್ತೇ ಇರಬೇಕು. ಮಾತು ಬಲು ಜೋರು ಅವನದು.

ಭಾವಮೈದ ಮುಖ ಊದಿಸಿಕೊಂಡು ಬಂದ. "ಏನು ಭಾವ, ಬೆಳಿಗ್ಗೆ ಬಾಲ್ಕನಿಗೇ ಬರ್ಲಿಲ್ಲ?" ಇವತ್ತು ಭಾನುವಾರ ಅಂತ ನನಗೆ ನೆನಪಾದದ್ದು ಆಗಲೇ.

ಜೂನ್ ೧೭, ಮಂಗಳವಾರ

ಮಧ್ಯಾಹ್ನ ಅವಳ ಕೋಣೆಯ ಮುಂದೆ ಹಾದುಹೋಗುವಾಗ ದನಿ ಕೇಳಿಸಿತು. ಒಬ್ಬಳೇ ಅಭ್ಯಾಸ ಮಾಡುತ್ತಿದ್ದಳು. ತನ್ನ ಸಾಲು ಹೇಳುತ್ತಾಳೆ, ನಿಲ್ಲಿಸುತ್ತಾಳೆ, ಮತ್ತೆ ತನ್ನ ಸಾಲು. ನಿಲ್ಲಿಸಿದಾಗ ಬಿಡುವ ಜಾಗ ಸರಿಯಾಗಿ ನನ್ನ ಮಾತಿನಷ್ಟೇ. ಚಿಕ್ಕ ಸಾಲಿಗೆ ಚಿಕ್ಕ ಜಾಗ, ದೊಡ್ಡದಕ್ಕೆ ದೊಡ್ಡದು.

ಬಾಗಿಲಾಚೆ ನಿಂತು, ಆ ಜಾಗಗಳಲ್ಲಿ ನನ್ನ ಮಾತನ್ನು ಮನಸ್ಸಿನಲ್ಲೇ ಹೇಳಿದೆ. ನಾಲ್ಕು ಪುಟವೂ ಬಂತು. ಅವಳಿಗೆ ಗೊತ್ತಾಗಲಿಲ್ಲ. ಬಾಗಿಲು ತಟ್ಟಬೇಕು ಅಂತ ಕೈ ಎತ್ತಿದೆ, ತಟ್ಟಲಿಲ್ಲ.

ಜೂನ್ ೧೯, ಗುರುವಾರ

ಎರಡು ಗಾಡಿ ಬಂದವು. ಮುಂದಿನದರಲ್ಲಿ ಅವಳು, ಹಿಂದಿನದರಲ್ಲಿ ನಾನು.

ಬಣ್ಣ ಹಚ್ಚಿಕೊಂಡು ಹೊರಬಂದಾಗ ನನಗೇ ಗುರುತು ಸಿಗಲಿಲ್ಲ. ಬಿಳಿ ಕೂದಲು, ಮೊಳಕೈಯಲ್ಲಿ ತೇಪೆ ಹಾಕಿದ ಸ್ವೆಟರು, ಕೊರಳಲ್ಲಿ ಅಳತೆ ಟೇಪು. ಅಕ್ಕ ಅಂದರೆ ಅಕ್ಕನೇ. ಮೇಕಪ್ಪಿನವನು ನನ್ನ ಕಿವಿಯಲ್ಲಿ, "ಮೇಡಂ ಕುರ್ಚೀಲೇ ನಿದ್ದೆ ಮಾಡಿಬಿಟ್ರು ದೊರೆ, ಏನ್ ಧೈರ್ಯ!" ಅಂದ. ನಾನು ಅಷ್ಟರಲ್ಲಿ ನಾಲ್ಕು ಸಲ ಬಾತ್‌ರೂಮಿಗೆ ಹೋಗಿ ಬಂದಿದ್ದೆ.

ಮೊದಲು ಕ್ಯಾಮೆರಾ ನನ್ನ ಕಡೆ. ಮೊದಲನೇ ಟೇಕು ಮೂರನೇ ಪುಟದಲ್ಲಿ ಮುಗ್ಗರಿಸಿತು. ಎರಡನೆಯದು ಪೂರ್ತಿ ಬಂತು. ಒಂದು ಅಕ್ಷರ ಬಿಡಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ನಿರ್ದೇಶಕಿ "ಓಕೆ ಸರ್" ಅಂದಳು. ಓಕೆ ಅಂದರೆ ಓಕೆ, ಅದರ ಮೇಲೆ ಏನೂ ಇಲ್ಲ ಅನ್ನುವುದು ಇಷ್ಟು ವರ್ಷದ ಮೇಲೆ ನನಗೆ ಗೊತ್ತಾಗುತ್ತದೆ. ಆದರೂ ಬದುಕಿದೆಯಾ ಬಡಜೀವವೇ ಅಂತ ಬೆವರು ಒರೆಸಿಕೊಂಡೆ.

ಆಮೇಲೆ ಕ್ಯಾಮೆರಾವನ್ನು ಅವಳ ಕಡೆ ತಿರುಗಿಸಿದರು. ಇದಕ್ಕೆ ನಮ್ಮಲ್ಲಿ ಸಜೆಶನ್ ಅನ್ನುತ್ತಾರೆ. ಕ್ಯಾಮೆರಾ ನನ್ನ ಬೆನ್ನ ಹಿಂದಿರುತ್ತದೆ, ನನ್ನ ಹೆಗಲಿನ ಒಂದು ತುಣುಕು, ಅದರಾಚೆ ಎದುರಿನವರ ಮುಖ. ಹೆಗಲು ಯಾರದಾದರೇನು? ನಲವತ್ತು ವರ್ಷದಲ್ಲಿ ನಾನು ಯಾರ ಸಜೆಶನ್ನಿಗೂ ನಿಂತವನಲ್ಲ. ನನ್ನ ಅಳತೆಯವನೊಬ್ಬ ನನ್ನ ಅಂಗಿ ತೊಟ್ಟು ನಿಲ್ಲುತ್ತಾನೆ. ಸಹಾಯಕ ಯಾರೋ ನನ್ನ ಸಾಲು ಓದುತ್ತಾನೆ. ನಾನು ಕ್ಯಾರವಾನಿನಲ್ಲಿ ಕಾಲು ಚಾಚುತ್ತೇನೆ. ಎದುರಿನವರು ಎಷ್ಟೇ ದೊಡ್ಡವರಿರಲಿ, ಆ ಅಂಗಿಯ ಜೊತೆ ಮಾತಾಡಿ ಅತ್ತು ಹೋಗುತ್ತಾರೆ.

ಇವತ್ತೂ ನನ್ನ ನಕಲಿಯವನು ಅಂಗಿ ತೊಟ್ಟು ತಯಾರಾಗಿದ್ದ. "ನೀವು ರೆಸ್ಟ್ ಮಾಡಿ ಸರ್" ಅಂದಳು ನಿರ್ದೇಶಕಿ. ಬಾಗಿಲ ತನಕ ಹೋದೆ. ಹಿಂದೆ ಸಹಾಯಕ ನನ್ನ ಸಾಲುಗಳನ್ನು ದಿನಸಿ ಚೀಟಿ ಓದಿದ ಹಾಗೆ ಓದಿ ತೋರಿಸುವುದು ಕೇಳಿಸಿತು. ತಿರುಗಿ ನೋಡಿದೆ. ಅವಳು ಸ್ಟೂಲಿನ ಮೇಲೆ ಕೂತು, ಎದುರಿನ ಅಂಗಿಯ ಗುಂಡಿ ನೋಡುತ್ತಾ, ಸರಿ ಸರಿ ಅಂತ ತಲೆಯಾಡಿಸುತ್ತಿದ್ದಳು. ಮೇಕಪ್ ಕುರ್ಚಿಯಲ್ಲಿ ನಿದ್ದೆ ಮಾಡಿದವಳು ಈಗ ಟೇಪಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಇದ್ದಳು. ಬಾಗಿಲಾಚೆಯಿಂದ ಕೇಳಿದ್ದೆನಲ್ಲ, ನನಗೆ ಅಂತ ಅವಳು ಬಿಡುತ್ತಿದ್ದ ಜಾಗ. ಅದಕ್ಕೆಲ್ಲ ಇವನು ದಿನಸಿ ಚೀಟಿ ತುಂಬುತ್ತಾನೆ.

ವಾಪಸು ಬಂದು ನಕಲಿಯವನ ಭುಜ ಮುಟ್ಟಿದೆ. "ಏನಾದ್ರೂ ತಪ್ಪಾಯ್ತಾ ಸರ್?" ಅಂದ, ಪಾಪ, ಗಾಬರಿಯಿಂದ.

"ಏನಿಲ್ಲಪ್ಪ. ಕಾಫಿ ಕುಡಿ ಹೋಗು. ನಾನೇ ನಿಲ್ತೀನಿ."

ಅವಳು ಟೇಪನ್ನು ಕೊರಳಲ್ಲಿ ಸರಿಮಾಡಿಕೊಂಡಳು.

ಶುರುವಾಯಿತು. ಕ್ಯಾಮೆರಾ ಹಿಂದಿದ್ದದ್ದರಿಂದ ಯಾವ ಕೆನ್ನೆ ಬೆಳಕಿಗಿದೆ, ಕತ್ತು ಎಷ್ಟು ಎತ್ತಬೇಕು, ಯಾವುದೂ ನನ್ನ ತಲೆಯಲ್ಲಿರಲಿಲ್ಲ. ಅವಳೊಬ್ಬಳು ಇದ್ದಳು. "ನನ್ನ ಕತ್ತರಿ ಎಲ್ಲಿ?" ಅಂತ ಮೆಲ್ಲಗೆ ಕೇಳಿದಳು. ಕತ್ತರಿ ಅವಳ ಕೈಯಲ್ಲೇ ಇತ್ತು. ನಿಜವಾಗಿ ಹೊರಟುಬಿಡುತ್ತಾಳೆ ಅನ್ನಿಸಿತು. "ಹೋಗಬೇಡ ಅನ್ನೋ ಹಕ್ಕು ನನಗಿಲ್ಲ ಅಕ್ಕ. ಹೋಗು ಅನ್ನೋ ಧೈರ್ಯನೂ ಇಲ್ಲ." ಇಷ್ಟು ದಿನ ಈ ಸಾಲು ನಾಲಿಗೆಯಿಂದ ಬರುತ್ತಿತ್ತು. ಇವತ್ತು ಎಲ್ಲಿಂದ ಬಂತೋ ನಾನರಿಯೆ. ನಡುವೆ ದನಿ ಒಡೆಯಿತು, ಕಣ್ಣು ತುಂಬಿ ಸುರಿಯಿತು, ಮುಖ ನನ್ನ ಕೈಮೀರಿ ಏನೇನೋ ಆಯಿತು. ಅವಳು ನನ್ನನ್ನೇ ನೋಡುತ್ತಾ ಒಂದು ಗಳಿಗೆ ನಿಂತಳು. ಸಾಲು ಮರೆತಳು ಅಂದುಕೊಂಡೆ. ಮರೆತಿರಲಿಲ್ಲ.

ಕಟ್ ಅಂದ ಮೇಲೆ ಯಾರೂ ಚಪ್ಪಾಳೆ ತಟ್ಟಲಿಲ್ಲ. ಲೈಟಿನವನು ಕಣ್ಣು ಮೂಗು ಒರೆಸಿಕೊಳ್ಳುತ್ತಿದ್ದ, ಅವನ ನೆಗಡಿ ಇನ್ನೂ ಹೋಗಿಲ್ಲ.

ನಿರ್ದೇಶಕಿ ಓಡಿ ಬಂದು ನನ್ನ ಮುಖ ನೋಡಿ ಅಲ್ಲೇ ನಿಂತಳು. "ಅಯ್ಯೋ ಸರ್, ಇದು ಸಿಗಲೇ ಇಲ್ವಲ್ಲ! ಹೀಗೇ ಇರಿ, ನಿಮ್ಮ ಕಡೆ ಇನ್ನೊಂದ್ಸಲ ತಗೊಳ್ಳೋಣ." ಕ್ಯಾಮೆರಾ ತಿರುಗಿಸಿದರು, ಲೈಟು ತಿರುಗಿಸಿದರು. ನಾನು ನನ್ನ ಒಳ್ಳೆಯ ಕೆನ್ನೆಯನ್ನು ಬೆಳಕಿಗೆ ಕೊಟ್ಟೆ. ಎಲ್ಲ ಸಾಲೂ ಬಂದವು, ಅದು ಬರಲಿಲ್ಲ. ಮತ್ತೊಮ್ಮೆ ತೆಗೆದರು. ಇನ್ನೊಮ್ಮೆ. ಕೊನೆಗೆ ಸೌಂಡಿನವನು, "ಆ ಟೇಕಲ್ಲಿ ದೊರೆಯವರ ದನಿ ಪೂರ್ತಿ ಸಿಕ್ಕಿದೆ ಮೇಡಂ" ಅಂದ. ನಿರ್ದೇಶಕಿ ಆ ಟೇಕನ್ನು ಮತ್ತೊಮ್ಮೆ ಹಾಕಿಸಿ ನೋಡಿ, "ಹಾಗಾದ್ರೆ ಅದೇ ಇಡ್ತೀನಿ. ಸರ್ ಬೆನ್ನು, ಮೇಡಂ ಮುಖ, ನಾಲ್ಕೂ ಪುಟ" ಅಂದಳು.

ಭಾವಮೈದ ತಲೆಗೆ ಕೈ ಹೊತ್ತು ಕೂತ. "ಭಾವ, ಜನ ದುಡ್ಡು ಕೊಟ್ಟು ಬಂದು ನಿಮ್ಮ ಬೆನ್ನು ನೋಡ್ಬೇಕಾ?" ಬೈಯಲು ಹೋದವನು ತನ್ನ ಅಕ್ಕನ ಮುಖ ನೋಡಿ ಸುಮ್ಮನಾದ. ನನಗೂ ಸಂಕಟವೇ. ಜನ್ಮದಲ್ಲಿ ಒಂದು ಸಲ ಬಂದದ್ದು, ಅದೂ ಕ್ಯಾಮೆರಾ ಇಲ್ಲದ ಕಡೆ.

ಬರುವಾಗ ಅವಳು ಬಂದು ನನ್ನ ಗಾಡಿಯಲ್ಲೇ ಕೂತಳು. ಅರ್ಧ ದಾರಿ ಕಿಟಕಿಯಾಚೆ ನೋಡುತ್ತಿದ್ದಳು.

"ರೀ, ನಿಮ್ಮ ಮುಖ ಹಾಗೂ ಆಗತ್ತೆ ಅಂತ ನನಗೆ ಗೊತ್ತಿರ್ಲಿಲ್ಲ."

"ಹೇಗಾಗಿತ್ತು?"

ಕಿಟಕಿಯ ಗಾಜು ಇಳಿಸಿದಳು.

"ಹೇಳೇ, ಹೇಗಾಗಿತ್ತು? ಕ್ಯಾಮೆರಾನೂ ನೋಡ್ಲಿಲ್ಲ, ನಾನೂ ನೋಡ್ಲಿಲ್ಲ."

"ಹೇಳಲ್ಲ" ಅಂದಳು. "ನಿಮ್ಮ ಮಿಕ್ಕ ಮುಖ ಎಲ್ಲ ಊರು ನೋಡಿದೆ. ಅದೊಂದು ನನ್ನ ಪಾಲಿಗಿರ್ಲಿ."

ಮನೆ ಹತ್ತಿರ ಬಂದಾಗ, ಮಂಡಿ ನೋವಿನ ವಿಷಯ ತಾನಿನ್ನೂ ಮರೆತಿಲ್ಲ ಅಂತಲೂ ಅಂದಳು.

ಜೂನ್ ೨೦, ಶುಕ್ರವಾರ

ಏಳಕ್ಕೆ ಗಾಡಿ ಬಂತು, ಅವಳು ಹೋದಳು. ನನಗೆ ಇವತ್ತು ಕೆಲಸವಿಲ್ಲ.

ಕನ್ನಡಿ ಮುಂದೆ ನಿಂತು ಆ ಸಾಲು ಹೇಳಿ ನೋಡಿದೆ. ಕನ್ನಡಿಯಲ್ಲಿ ದೊರೆ ನಿಂತಿದ್ದ, ಕತ್ತು ಬೇಕಾದಷ್ಟೇ ಎತ್ತಿಕೊಂಡು. ಬಚ್ಚಲ ಕನ್ನಡಿಯಲ್ಲಿ ನೋಡಿದೆ, ಅಲ್ಲೂ ಅವನೇ. ಕಣ್ಣು ಮುಚ್ಚಿಕೊಂಡು ಹೇಳಿ, ಥಟ್ಟನೆ ತೆರೆದೂ ನೋಡಿದೆ. ಅಷ್ಟರಲ್ಲಿ ಅವನು ಬಂದುಬಿಟ್ಟಿರುತ್ತಾನೆ.

ತಡೆಯಲಾರದೆ ನಿರ್ದೇಶಕಿಗೆ ಫೋನ್ ಮಾಡಿ, ಇವತ್ತು ಮೇಡಂ ಸಜೆಶನ್ನಿಗೆ ಯಾರು ನಿಲ್ಲುತ್ತಾರೆ, ನಾನು ಬರಲಾ ಅಂತ ಕೇಳಿದೆ. "ಇವತ್ತು ಸೀನಲ್ಲಿ ಅವರೊಬ್ಬರೇ ಸರ್" ಅಂದಳು.

ಆ ಮುಖ ಹೇಗಿತ್ತು ಅಂತ ಸಂಜೆ ಅವಳು ಬಂದ ಮೇಲೆ ಮತ್ತೆ ಕೇಳುತ್ತೇನೆ. ಹೇಳಲಿಕ್ಕಿಲ್ಲ.